ಗುಡ್ಡೆಯ ಕೇಪಳ ಅಂಗಳದಲ್ಲಿ

ಕರಾವಳಿಯ ಮುರಕಲ್ಲಿನ ಗುಡ್ಡೆಗಳಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆಯುವ ಗಿಡ ಕೇಪಳ. ಕಿಸ್ಕಾರ ಎಂದರೂ ಗುಡ್ಡೆ ದಾಸವಾಳ ಎಂದರೂ ಇದೇ. ದೇವಿಯ ಪೂಜೆಗೆ, ದೈವದ ಅಲಂಕಾರಕ್ಕೆ ಇದರ ಕೆಂಪು ಗೊಂಚಲು ಬೇಕು. ಹೂವನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಇಷ್ಟಿದ್ದೂ ಚಿಟ್ಟೆಗಳಿಗಾಗಿ ತೋಟ ಮಾಡಹೊರಟವರು ನರ್ಸರಿಯಿಂದ ದುಡ್ಡು ಕೊಟ್ಟು ತರುವುದು ಹೊರದೇಶದ ಲಂಟಾನವನ್ನು!

ಕಾಫಿಯ ಕುಟುಂಬದ ಈ ಗಿಡಕ್ಕೆ ದಕ್ಷಿಣ ಭಾರತ, ಶ್ರೀಲಂಕಾ ತವರು. ಇಕ್ಸೋರಾ ಕಾಕ್ಸಿನಿಯಾ ಎಂಬ ಹೆಸರು 1753ರಲ್ಲಿ ಲಿನೇಯಸ್ ಕೊಟ್ಟದ್ದು.

ಹೂವನ್ನು ಹತ್ತಿರದಿಂದ ನೋಡಬೇಕು. ನಾಲ್ಕೆಸಳಿನ ಕೆಳಗೆ ಇಂಚಿಗೂ ಉದ್ದದ ಸಪೂರ ಕೊಳವೆ. ಮಕರಂದ ಇರುವುದು ಅದರ ತಳದಲ್ಲಿ. ಜೇನುನೊಣಕ್ಕೆ ಅದು ಎಟುಕದು. ಉದ್ದ ಹೀರುನಳಿಗೆಯ ದೊಡ್ಡ ಚಿಟ್ಟೆಗಳಿಗೆ, ಸೂರಕ್ಕಿಗಳಿಗೆ ಎಟುಕುತ್ತದೆ. ಮೊಗ್ಗು ಅರಳುವ ಮೊದಲೇ ಕೇಸರಗಳು ತಮ್ಮ ಪರಾಗವನ್ನು ಶಲಾಕೆಯ ತುದಿಗೆ ಸವರಿಬಿಟ್ಟಿರುತ್ತವೆ. ಅರಳಿದಾಗ ಹೊರಚಾಚುವ ಆ ತುದಿ ಚಿಟ್ಟೆಯ ಮೋರೆಗೆ ತಾಗಿ ಪರಾಗ ಅಂಟುತ್ತದೆ. ಆಮೇಲೆ ಅದೇ ತುದಿ ಎರಡಾಗಿ ಬಿಚ್ಚಿಕೊಂಡು ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. (ಜೇನುನೊಣಗಳಿಗೆಂದು ಪಕ್ಕದಲ್ಲೇ ತುಳಸಿ, ತುಂಬೆ ಇರಲಿ.)

ಎಲೆ ತಿಂದ ಗುರುತು ಕಂಡೊಡನೆ ಔಷಧಿ ಹೊಡೆಯಬೇಡಿ. 'ಮಂಕಿ ಪಝಲ್' ಎಂಬ ಪುಟ್ಟ ಚಿಟ್ಟೆಯ ಮರಿಹುಳು ಅಲ್ಲಿರಬಹುದು. ಈ ಚಿಟ್ಟೆ ಕೂತ ಕೂಡಲೇ ಗಿರ್ರನೆ ತಿರುಗಿ, ಹಿಂದಿನ ಬಾಲಗಳನ್ನು ಮೀಸೆಯಂತೆ ಆಡಿಸುತ್ತದೆ. ತಲೆ ಯಾವ ಕಡೆಗಿದೆಯೆಂದು ಹಕ್ಕಿಗೆ ತಿಳಿಯಬಾರದು, ಅಷ್ಟೇ.

ನೆಡುವುದು ಸುಲಭ. ಮಳೆಗಾಲದ ಮೊದಲಲ್ಲಿ ಅರೆಬಲಿತ ಗೆಲ್ಲು ಊರಿದರೆ ಬೇರು ಬಿಡುತ್ತದೆ. ಅರ್ಧ ದಿನವಾದರೂ ಬಿಸಿಲು ಬೇಕು. ಕಷ್ಟವಿರುವುದು ಬಯಲುಸೀಮೆಯವರಿಗೆ. ಹುಳಿಮಣ್ಣಿಗೆ ಒಗ್ಗಿದ ಗಿಡವಿದು. ಬೋರ್‌ವೆಲ್ಲಿನ ಗಡಸು ನೀರು ಕುಡಿದರೆ, ಸಿಮೆಂಟು ಗೋಡೆಯ ಬುಡದಲ್ಲಿ ನಿಂತರೆ ಮಣ್ಣಲ್ಲಿ ಕಬ್ಬಿಣಾಂಶವಿದ್ದರೂ ಹೀರಿಕೊಳ್ಳಲಾಗದೆ, ನರ ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಗೋಡೆಯಿಂದ ದೂರ ನೆಟ್ಟು, ಬುಡಕ್ಕೆ ತರಗೆಲೆ ಗೊಬ್ಬರ ಹಾಕಿ, ಆದಷ್ಟು ಮಳೆನೀರು ಕೊಡಬೇಕು.

ಹೂ ಬರುವುದು ಗೆಲ್ಲಿನ ತುದಿಯಲ್ಲಿ. ತಿಂಗಳು ತಿಂಗಳು ಕತ್ತರಿ ಆಡಿಸುವವರಿಗೆ ಅಚ್ಚುಕಟ್ಟಾದ ಬೇಲಿ ಸಿಗುತ್ತದೆ, ಹೂ ಸಿಗದು. ಹೂವಿನ ಭರ ಇಳಿದ ಮೇಲೆ ಒಮ್ಮೆ ಸವರಿ ಮೂರು ನಾಲ್ಕಡಿಗೆ ನಿಲ್ಲಿಸಿದರೆ ಸಾಕು. ಆಗಲೂ ಕೆಲವು ಗೊಂಚಲು ಕಾಯಿಗೆ ಬಿಡಿ. ಕಪ್ಪುಗೆಂಪಾಗಿ ಮಾಗಿದ ಹಣ್ಣಿನಲ್ಲಿ ಪಿಕಳಾರಗಳಿಗೂ ಮಕ್ಕಳಿಗೂ ಪಾಲಿದೆ.