ಸಾಕುನಾಯಿಯ ಕಡಿತವೂ ನಷ್ಟಪರಿಹಾರವೂ

ಗುಬ್ಬಿ, ಕುಣಿಗಲು ಸೀಮೆಯ ತೆಂಗಿನ ತೋಟಗಳಲ್ಲಿ ಕಾವಲಿಗೆ ನಾಯಿ ಸಾಕುವುದುಂಟು. ಅದು ಕಾಯಿ ಕೀಳಬಂದ ಕೂಲಿಯವನನ್ನು ಕಚ್ಚಿದರೆ, ಗಾಯವನ್ನು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಆರಂಭಿಸತಕ್ಕದ್ದು. ವ್ಯಾಜ್ಯವು ಕಾಯಬಹುದು, ಹುಚ್ಚುನಾಯಿ ರೋಗವು ಕಾಯದು.

ತಕ್ಕ ಎಚ್ಚರಿಕೆ ವಹಿಸದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಆದರೆ ಜುಲ್ಮಾನೆಯು ಸರ್ಕಾರಕ್ಕೆ ಸಲ್ಲತಕ್ಕದ್ದೆಂಬುದನ್ನು ಅನೇಕರು ಅರಿಯರು. ನ್ಯಾಯಾಧೀಶರು ಅದರಿಂದ ಪರಿಹಾರ ಕೊಡಿಸದಿದ್ದಲ್ಲಿ, ಚಿಕಿತ್ಸೆಯ ವೆಚ್ಚಕ್ಕೂ ತಪ್ಪಿದ ಕೂಲಿಗೂ ಸಿವಿಲ್ ದಾವೆಯನ್ನೇ ಹೂಡಬೇಕು. ಅಲ್ಲಿ ಆಸ್ಪತ್ರೆಯ ಚೀಟಿ, ರಸೀತಿಗಳು ಬೇಕು. ಅದಕ್ಕಿಂತಲೂ, ನಾಯಿಯು ಹಿಂದೆಯೂ ಕಚ್ಚಿದ್ದನ್ನು ಯಜಮಾನನು ಬಲ್ಲನೆಂದು ಹೇಳುವ ನೆರೆಯವನೊಬ್ಬನ ಸಾಕ್ಷ್ಯವು ಹೆಚ್ಚು ಬಲವುಳ್ಳದ್ದು. ವಕೀಲರ ಫೀಜು ಕೊಡಲಾರದ ಬಡವರು ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.