ಕಿಡಿ ತಪ್ಪಿದ ಕಾರೂ ದೆಹಲಿಯ ಋತುಗಳೂ

1983ರ ಡಿಸೆಂಬರಿನಲ್ಲಿ ದೆಹಲಿಯ ನೆರೆಯ ಗುರಗಾಂವಿನ ಕಾರ್ಖಾನೆಯಿಂದ ಹೊರಬಂದು, ಮೂರೇ ಸಿಲಿಂಡರುಗಳ 796 ಸಿ.ಸಿ. ಎಂಜಿನ್ನಿನ ಬಲದಿಂದ ಅಸಂಖ್ಯ ಸಂಸಾರಗಳನ್ನು ಹೊತ್ತ ಮಾರುತಿ 800, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಸಂಚರಿಸಕೂಡದೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದ ತರುವಾಯ, ತನ್ನ ತವರಿನಲ್ಲಿಯೇ ವಿರಳವಾಗುತ್ತ ಬಂದಿತು. ನಿರಾಕ್ಷೇಪಣಾ ಪತ್ರದೊಡನೆ ಪರರಾಜ್ಯಗಳಿಗೆ ಸಾಗಿದವೂ ಉಂಟು. ಅಂಥ ಹಳೆಯ ಕಾರೊಂದು ನಿಂತುಹೋದಾಗ ಅದು ಯಾವ ಹವೆಯಲ್ಲಿ ನಿಂತಿತೆಂಬುದನ್ನು ಮೊದಲು ವಿಚಾರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಜಿನ್ನಿಗೆ ಕಿಡಿ ಒದಗಿಸುವ ಪೂರ್ವದ ಪದ್ಧತಿಯಲ್ಲಿ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ತೆರೆದುಕೊಂಡು ಕಾಯಿಲಿನ ವಿದ್ಯುತ್ಪ್ರವಾಹವನ್ನು ಥಟ್ಟನೆ ಕಡಿದೊಡನೆ, ಬ್ಯಾಟರಿಯ 12 ವೋಲ್ಟು ಸಾವಿರಾರು ವೋಲ್ಟುಗಳಾಗಿ ಪರಿಣಮಿಸಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿತ್ತು. ಎಲೆಕ್ಟ್ರಾನಿಕ್ ಪದ್ಧತಿಯಲ್ಲಿ ಹಲ್ಲುಚಕ್ರವೊಂದು ಪಿಕಪ್ ಕಾಯಿಲಿನ ಮುಂದೆ ತಿರುಗಿ ಸಂಕೇತವೀಯುತ್ತದೆ. ಪ್ರವಾಹವನ್ನು ಕಡಿಯುವ ಕಾರ್ಯ ಮಾಡ್ಯೂಲೆಂಬ ಎಲೆಕ್ಟ್ರಾನಿಕ್ ಘಟಕದೊಳಗಿನ ಟ್ರಾನ್ಸಿಸ್ಟರಿನದು. ಪಾಯಿಂಟುಗಳು ಸವೆದರೆ ಕಣ್ಣಿಗೆ ಕಾಣುತ್ತವೆ. ಮಾಡ್ಯೂಲು ಕೆಟ್ಟರೆ ಹೊರಗೆ ಕುರುಹೇ ಇರುವುದಿಲ್ಲ.

ಜ್ಯೇಷ್ಠಮಾಸದ ಬಿಸಿಲಿನಲ್ಲಿ, ತಾಪಮಾನವು 45 ಡಿಗ್ರಿಗೆ ಏರಿದ ದಿನ, ಓಡುತ್ತಿದ್ದ ಕಾರು ಸಿಗ್ನಲ್ಲಿನಲ್ಲಿ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಹೊರಟರೆ, ಕಾದ ಮಾಡ್ಯೂಲಿನ ಮೇಲೆ ಸಂಶಯ ಸಹಜ. ಆದರೆ ಕಾದ ಪೈಪಿನಲ್ಲಿ ಪೆಟ್ರೋಲು ಆವಿಯಾದಾಗಲೂ ಇದೇ ಲಕ್ಷಣ ತೋರುವುದರಿಂದ, ಕಾರು ನಿಂತ ಆ ಗಳಿಗೆಯಲ್ಲಿಯೇ ಕಿಡಿಯನ್ನು ಪರೀಕ್ಷಿಸತಕ್ಕದ್ದು. ಎಂಜಿನ್ನು ತಣಿದ ಬಳಿಕ ನೋಡಿದರೆ ಕಿಡಿ ಎಂದಿನಂತೆಯೇ ಹಾರಿ, ನಿರಪರಾಧಿಯಾದ ಕಾರ್ಬ್ಯುರೇಟರನ್ನು ಬಿಚ್ಚುವ ಪ್ರಸಂಗ ಬರುತ್ತದೆ. ಪ್ಲಗ್ಗನ್ನು ಬಿಚ್ಚಿ, ವಯರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಭದ್ರವಾಗಿ ತಾಗಿಸಿ ಸ್ಟಾರ್ಟರ್ ತಿರುಗಿಸಬೇಕು. ಪಾಯಿಂಟುಗಳ ಕಾಲದ ಅಭ್ಯಾಸದಂತೆ ವಯರಿನ ತುದಿಯನ್ನು ಗಾಳಿಯಲ್ಲಿ ಬಿಟ್ಟು ನೋಡುವುದು ಅಪಾಯ: ಹೊರದಾರಿ ಕಾಣದ ವಿದ್ಯುತ್ತು ಮಾಡ್ಯೂಲನ್ನೇ ಸುಟ್ಟೀತು. ವಯರನ್ನು ಕೈಯಲ್ಲಿ ಹಿಡಿಯಲಾಗದು; ಪೆಟ್ರೋಲಿನ ವಾಸನೆಯಿದ್ದಲ್ಲಿ ಈ ಪರೀಕ್ಷೆ ಸಲ್ಲದು.

ಪುಷ್ಯಮಾಸದ ಮಂಜಿನ ಮುಂಜಾವಿನಲ್ಲಿ ಹಟ ಹಿಡಿದು, ಬಿಸಿಲೇರಿದ ಮೇಲೆ ಹೊರಡುವ ಕಾರಿನದು ಬೇರೆಯೇ ವ್ಯಾಧಿ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತು, ಕೂದಲೆಳೆಯಂಥ ಬಿರುಕುಗಳಲ್ಲಿ ವಿದ್ಯುತ್ತು ಸೋರಿಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ, ಒಳಗೋಡೆಯಲ್ಲಿ ಕರಿಗೆರೆ ಕಂಡರೆ ಮುಚ್ಚಳವನ್ನು ಬದಲಿಸುವುದೇ ಲೇಸು.

ದೆಹಲಿಯ ಕಾಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಗೆ ಹೊಸ ಮಾಡ್ಯೂಲಿಗಾಗಿ ಹೊರಡುವ ಮುನ್ನ ಕನೆಕ್ಟರಿನ ತುಕ್ಕನ್ನೂ ಅರ್ಥ್ ವಯರಿನ ಬಿಗಿಯನ್ನೂ ನೋಡತಕ್ಕದ್ದು. ಕೊಂಡುತಂದ ಮೇಲೆ, ಲೋಹದ ತಳದ ಮೇಲೆ ಕೂರುವ ಮಾಡ್ಯೂಲಾದರೆ, ಶಾಖವನ್ನು ಸಾಗಿಸುವ ಪೇಸ್ಟನ್ನು ಅದರ ಅಡಿಗೆ ಲೇಪಿಸದೆ ಕೂರಿಸಬಾರದು. ಇಲ್ಲವಾದರೆ ಮುಂದಿನ ಬೇಸಗೆಯಲ್ಲಿ ಅದೂ ಕಾದು ಕೆಡುತ್ತದೆ.