ಮಳೆಗಾಲದಲ್ಲೇ ಬಂದಿಳಿಯುವ ಅತಿಥಿಗಳು: ಮುಂಬಯಿಯ ಖಾಡಿಗಳಲ್ಲಿ ವಲಸೆ ಹಕ್ಕಿಗಳು

ಮುಂಬಯಿ ಮಹಾನಗರದಲ್ಲಿ ವಲಸೆ ಹಕ್ಕಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಿವಡಿ ಹಾಗೂ ಠಾಣೆ ಖಾಡಿಯ ರಾಜಹಂಸಗಳು. ಚಳಿಗಾಲದ ಹೊತ್ತಿಗೆ ಬರುವ ಈ ಗುಲಾಬಿ ಹಕ್ಕಿಗಳಲ್ಲಿ ಬಹುಪಾಲು ಮಳೆ ಹಿಡಿಯುವ ಹೊತ್ತಿಗೆ ಗುಜರಾತಿನತ್ತ ತೆರಳುತ್ತವೆ. ಅವು ಹೋದ ಮೇಲೆ ಖಾಡಿ ಬರಿದಾಯಿತೆಂದೇ ನಾವು ಭಾವಿಸುತ್ತೇವೆ. ವಾಸ್ತವ ಹಾಗಿಲ್ಲ. ಶ್ರಾವಣದ ಮಳೆ ಇನ್ನೂ ಸುರಿಯುತ್ತಿರುವಾಗಲೇ, ನಾಗರ ಪಂಚಮಿಗೂ ಗಣೇಶ ಚತುರ್ಥಿಗೂ ನಡುವಿನ ದಿನಗಳಲ್ಲಿ, ಉತ್ತರದಿಂದ ಹೊಸ ಅತಿಥಿಗಳು ಸದ್ದಿಲ್ಲದೆ ಬಂದಿಳಿಯುತ್ತಿರುತ್ತಾರೆ. ಗಾತ್ರದಲ್ಲಿ ಚಿಕ್ಕವು, ಬಣ್ಣದಲ್ಲಿ ಕೆಸರಿನಂಥವು ಆದ ಕಾರಣ ಇವುಗಳ ಆಗಮನ ಸುದ್ದಿಯಾಗುವುದಿಲ್ಲ. ಈ ಹಕ್ಕಿಗಳು ಯಾವುವು, ಇಷ್ಟು ಬೇಗ ಏಕೆ ಬರುತ್ತವೆ, ಇಲ್ಲಿ ಅವುಗಳಿಗೆ ಬೇಕಾದದ್ದೇನು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ಶ್ರಾವಣ, ಅವುಗಳ ಬೇಸಿಗೆಯ ಕೊನೆ

ವಲಸೆ ಹಕ್ಕಿಗಳು ಚಳಿಗೆ ಹೆದರಿ ಬರುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧಸತ್ಯ. ಸೈಬೀರಿಯಾದ ಉತ್ತರ ಅಂಚಿನಲ್ಲಿ ಬೇಸಿಗೆ ಅತ್ಯಂತ ಅಲ್ಪಾವಧಿಯದು. ಜೂನ್ ತಿಂಗಳಲ್ಲಿ ಮೊಟ್ಟೆಯಿಟ್ಟು, ಜುಲೈ ತಿಂಗಳಲ್ಲಿ ಮರಿಗಳನ್ನು ನಡೆದಾಡುವಂತೆ ಮಾಡಿದರೆ ಅಲ್ಲಿಗೆ ಹಿರಿಯ ಹಕ್ಕಿಗಳ ಕೆಲಸ ಮುಗಿದಂತೆಯೇ. ಹಗಲು ಕಿರಿದಾಗುತ್ತ ಬಂದಂತೆ ಅವುಗಳ ದೇಹದೊಳಗಿನ ಗಡಿಯಾರ ಹೊರಡುವ ಸೂಚನೆ ನೀಡುತ್ತದೆ. ಹಿಮ ಬೀಳುವವರೆಗೆ ಅವು ಕಾಯುವುದಿಲ್ಲ. ಪ್ರಯಾಣಕ್ಕೆ ಮೊದಲು ಹೇರಳವಾಗಿ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ; ಕೆಲವು ಜಾತಿಗಳಲ್ಲಿ ದೇಹದ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುವುದುಂಟು.

ಇಲ್ಲೊಂದು ವಿಸ್ಮಯವಿದೆ. ಅನೇಕ ಜಾತಿಗಳಲ್ಲಿ ಮೊದಲು ಹೊರಡುವುದು ತಂದೆತಾಯಿಗಳು. ಮರಿಗಳು ಕೆಲವು ವಾರಗಳ ಅನಂತರ, ದಾರಿ ತೋರುವವರಿಲ್ಲದೆ, ತಾವೇ ಹೊರಟು ಸಾವಿರಾರು ಕಿಲೋಮೀಟರ್ ದೂರ ಕ್ರಮಿಸುತ್ತವೆ. ಆದುದರಿಂದ ಆಗಸ್ಟ್ ತಿಂಗಳಲ್ಲಿ ನಾವು ಕಾಣುವುದು ಹೆಚ್ಚಾಗಿ ಹಿರಿಯ ಹಕ್ಕಿಗಳನ್ನು; ಆ ವರ್ಷದ ಮರಿಗಳು ಕಾಣಸಿಗುವುದು ಸಾಮಾನ್ಯವಾಗಿ ಅನಂತರ. ಆರ್ಕ್ಟಿಕ್ ಪ್ರದೇಶದಿಂದ ಹಿಂದೂ ಮಹಾಸಾಗರದವರೆಗೆ ಹಬ್ಬಿರುವ ಈ ಆಕಾಶಮಾರ್ಗವನ್ನು ತಜ್ಞರು ಮಧ್ಯ ಏಷ್ಯಾ ಹಾರುದಾರಿ ಎಂದು ಕರೆಯುತ್ತಾರೆ. ಮುಂಬಯಿ ಈ ದಾರಿಯ ಮೇಲಿದೆ.

ಈ ದಿನಗಳಲ್ಲಿ ಕಾಣುವವರು ಯಾರು?

ಮೊದಲಿಗರಲ್ಲಿ ಒಂದು ಗದ್ದೆಗೊರವ. ಕಂದು ಬೆನ್ನು, ಬಿಳಿ ಹೊಟ್ಟೆ, ಹೆಗಲ ಬಳಿ ಮೇಲಕ್ಕೆ ಚಾಚಿದ ಬಿಳಿಯ ಪಟ್ಟಿ. ನಿಂತಲ್ಲೇ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕಡಲ ಬದಿಯ ಬಂಡೆಗಳ ಮೇಲೂ, ನಾಲೆಯ ಅಂಚಿನಲ್ಲೂ ಒಂಟಿಯಾಗಿ ಓಡಾಡುತ್ತದೆ.

ಕೆಸರು ಬಯಲಿನಲ್ಲಿ ಗುಂಪಾಗಿ ಓಡಿ, ತಟ್ಟನೆ ನಿಂತು, ಮತ್ತೆ ಓಡುವ ಗಿಡ್ಡ ಕೊಕ್ಕಿನ ಹಕ್ಕಿ ಮರಳು ಪ್ಲೋವರ್. ಲಡಾಖ್, ಟಿಬೆಟ್ ಕಡೆಯ ಎತ್ತರದ ನೆಲದಲ್ಲಿ ಮರಿ ಮಾಡುವ ಈ ಹಕ್ಕಿಗಳ ಎದೆಯ ಮೇಲೆ ಆಗಸ್ಟ್ ತಿಂಗಳಲ್ಲಿ ಇಟ್ಟಿಗೆಗೆಂಪು ಬಣ್ಣ ಇನ್ನೂ ಉಳಿದಿರುತ್ತದೆ. ಚಳಿಗಾಲದಲ್ಲಿ ನೋಡಿದರೆ ಅವು ಬರಿಯ ಬೂದುಕಂದು ಹಕ್ಕಿಗಳು. ಅವುಗಳ ಮದುವೆಯ ಉಡುಪನ್ನು ನೋಡಬೇಕಾದರೆ ಮಳೆಯಲ್ಲೇ ಹೋಗಬೇಕು. ಉದ್ದ ಕಾಲಿನ, ನೀಳವಾದ ನೇರ ಕೊಕ್ಕಿನ ಗಾಡ್‌ವಿಟ್ ಹಕ್ಕಿಗಳೂ, ಕುಡುಗೋಲಿನಂತೆ ಕೆಳಗೆ ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿಗಳೂ ಇದೇ ಬಯಲನ್ನು ಹಂಚಿಕೊಳ್ಳುತ್ತವೆ. ಕೊಕ್ಕಿನ ಈ ಭೇದಕ್ಕೆ ಅರ್ಥವಿದೆ. ಗಿಡ್ಡ ಕೊಕ್ಕು ಕೆಸರಿನ ಮೇಲ್ಪದರದ ಜೀವಿಗಳನ್ನು ಹೆಕ್ಕುತ್ತದೆ, ಉದ್ದ ಕೊಕ್ಕು ಆಳದಲ್ಲಿನ ಹುಳುಗಳನ್ನು ಎಳೆಯುತ್ತದೆ. ಒಂದೇ ಪಂಕ್ತಿಯಲ್ಲಿ ಕುಳಿತರೂ ಎಲೆ ಮಾತ್ರ ಬೇರೆ ಬೇರೆ.

ಸೆಪ್ಟೆಂಬರ್ ತಿಂಗಳು ಬಂತೆಂದರೆ ಬೂದು ಸಿಪಿಲೆಯ ಸರದಿ. ಬೂದು ಬೆನ್ನು, ಹಳದಿ ಹೊಟ್ಟೆ, ಸದಾ ಕುಣಿಯುವ ಉದ್ದ ಬಾಲದ ಈ ಹಕ್ಕಿ ಬೋರಿವಲಿಯ ರಾಷ್ಟ್ರೀಯ ಉದ್ಯಾನದ ತೊರೆಗಳ ಬಳಿಯಲ್ಲಿಯೂ, ನಗರದ ಹುಲ್ಲುಹಾಸುಗಳಲ್ಲಿಯೂ ಕಾಣುತ್ತದೆ. ಕಾಲಿಗೆ ಉಂಗುರ ತೊಡಿಸಿದ್ದ ಒಂದು ಬೂದು ಸಿಪಿಲೆಯು ಮುಂಬಯಿಯ ಒಂದೇ ಪುಟ್ಟ ಹುಲ್ಲುಹಾಸಿಗೆ ಸತತ ಹಲವು ವರ್ಷ, ಹೆಚ್ಚುಕಡಿಮೆ ಅದೇ ದಿನಕ್ಕೆ ಮರಳಿದ ಸಂಗತಿ ಪಕ್ಷಿತಜ್ಞ ಸಲೀಂ ಅಲಿಯವರಿಂದ ನಮಗೆ ತಿಳಿದುಬಂದಿದೆ. ಊರಿನ ಮನೆಯ ಅಂಗಳವನ್ನು ಮರೆಯದ ನಮಗೆ ಇದು ಅಪರಿಚಿತ ಭಾವವೇನಲ್ಲ.

ಬರುವವರಿರುವಂತೆ ಹೋಗುವವರೂ ಇದ್ದಾರೆ. ಕವಿಸಮಯದಿಂದ ನಮಗೆಲ್ಲ ಪರಿಚಿತವಾದ ಚಾತಕ ಪಕ್ಷಿ ಮುಂಗಾರಿನೊಂದಿಗೆ ಬಂದು, ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು, ಮಳೆಗಾಲದ ಕೊನೆಗೆ ಆಫ್ರಿಕಾದತ್ತ ತಿರುಗುತ್ತದೆ. ಇನ್ನು ಕೆಲವರು ಕೇವಲ ದಾರಿಹೋಕರು. ಮಧ್ಯ ಏಷ್ಯಾದಿಂದ ಆಫ್ರಿಕಾಕ್ಕೆ ಸಾಗುವ ಯುರೋಪಿನ ನೀಲಕಂಠ, ಚುಕ್ಕೆ ನೊಣಹಿಡುಕ ಮುಂತಾದವು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಪಶ್ಚಿಮ ಭಾರತದಲ್ಲಿ ಅಲ್ಪಕಾಲ ತಂಗಿ ಮುಂದುವರಿಯುತ್ತವೆ. ತಂತಿಯ ಮೇಲೆ ಕುಳಿತ ನೀಲಕಂಠದ ಎದೆ ಕಂದಾಗಿರದೆ ಪೂರ್ತಿ ತಿಳಿನೀಲಿಯಾಗಿದ್ದರೆ ಅದು ದೂರದ ಪ್ರಯಾಣಿಕನೆಂದು ತಿಳಿಯಬಹುದು.

ಭರತ, ಇಳಿತ ಮತ್ತು ಎರಡು ನೆಲೆಗಳು

ಕರಾವಳಿಯಿಂದ ಬಂದವರಿಗೆ ಭರತ ಇಳಿತಗಳ ಲೆಕ್ಕ ಹೇಳಿಕೊಡಬೇಕಾಗಿಲ್ಲ. ದಿನಕ್ಕೆರಡು ಬಾರಿ ಏರಿ ಇಳಿಯುವ ಕಡಲು ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. ಕೆಸರು ಬಯಲಿನ ಹಕ್ಕಿಗಳ ದಿನಚರಿಯನ್ನು ನಿರ್ಧರಿಸುವುದು ಸೂರ್ಯನಿಗಿಂತ ಹೆಚ್ಚಾಗಿ ಈ ನೀರು. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಅವು ಮೇಯುತ್ತವೆ. ಭರತ ಏರಿ ಕೆಸರೆಲ್ಲ ಮುಳುಗಿದಾಗ ಅವುಗಳಿಗೆ ಕಾಲೂರಿ ವಿಶ್ರಮಿಸಲು ಬೇರೊಂದು ಆಳವಿಲ್ಲದ ಜಾಗ ಬೇಕು. ಹತ್ತಿರದ ಜೌಗು, ಉಪ್ಪಿನ ಗದ್ದೆ, ಕೆರೆಗಳೇ ಆ ಜಾಗ.

ನಾವು ಗಮನಿಸಬೇಕಾದ ಮುಖ್ಯ ವಿಷಯವಿದು: ಈ ಹಕ್ಕಿಗಳಿಗೆ ಒಂದಲ್ಲ, ಎರಡು ನೆಲೆಗಳು ಬೇಕು. ಊಟದ ಮನೆಯನ್ನು ಉಳಿಸಿ ಮಲಗುವ ಮನೆಯನ್ನು ಮುಚ್ಚಿದರೆ ಸಂರಕ್ಷಣೆ ಪೂರ್ಣವಾಗುವುದಿಲ್ಲ. ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ರಾಜಹಂಸ ಅಭಯಾರಣ್ಯವಾಯಿತು. 2022ರಲ್ಲಿ ಖಾಡಿಯು ರಾಮ್ಸಾರ್ ಪಟ್ಟಿಗೂ ಸೇರಿತು. ಇದು ಸಂತೋಷದ ವಿಷಯ. ಆದರೆ ಹಕ್ಕಿಗಳು ಭರತದ ವೇಳೆ ಆಶ್ರಯಿಸುವ ನವಿ ಮುಂಬಯಿ ಮತ್ತು ಉರಣ್ ಕಡೆಯ ಅನೇಕ ಜೌಗುಗಳು ಈ ಗಡಿಯ ಹೊರಗಿವೆ. 2024ರಲ್ಲಿ ನೆರೂಲ್ ಬಳಿಯ ಡಿ.ಪಿ.ಎಸ್. ಕೆರೆಗೆ ಕಡಲ ನೀರು ಬರುವ ದಾರಿಗೆ ಅಡ್ಡಿಯಾಗಿ ಕೆರೆ ಒಣಗಿತು. ನೆಲೆ ತಪ್ಪಿದ ರಾಜಹಂಸಗಳ ಸಾವು ಸುದ್ದಿಯಾಯಿತು. ನಾಗರಿಕರ ನಿರಂತರ ಒತ್ತಾಯದ ಬಳಿಕ 2025ರಲ್ಲಿ ಈ ಕೆರೆಯನ್ನು ಸಂರಕ್ಷಿತ ಪ್ರದೇಶವನ್ನಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ರಾಜಹಂಸ ಎಲ್ಲರ ಕಣ್ಣಿಗೆ ಬೀಳುವ ಹಕ್ಕಿಯಾದ ಕಾರಣ ಅದರ ಸಂಕಟ ಕಾಣಿಸಿತು. ಅದೇ ನೀರನ್ನು ನಂಬಿದ ಪ್ಲೋವರ್, ಗಾಡ್‌ವಿಟ್‌ಗಳ ಸಂಕಟ ಹಾಗೆ ಕಾಣುವುದಿಲ್ಲ.

ನಮ್ಮ ಕೈಲಾದದ್ದು

2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು ಸುಮಾರು 30,000 ಹವ್ಯಾಸಿ ವೀಕ್ಷಕರು ದಾಖಲಿಸಿದ 3 ಕೋಟಿ ಗಮನಿಕೆಗಳನ್ನು ಆಧರಿಸಿದೆ. ದೀರ್ಘಾವಧಿಯ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ. ಕಡಲತೀರದ ವಲಸೆ ಹಕ್ಕಿಗಳು ತೀವ್ರವಾಗಿ ಕುಸಿದ ಗುಂಪುಗಳಲ್ಲಿ ಸೇರಿವೆ. ಅಂಥ ವರದಿಗೆ ಆಧಾರ ನಮ್ಮಂಥ ಸಾಮಾನ್ಯರು ಬರೆದಿಡುವ ದಿನಾಂಕ, ಸ್ಥಳ ಮತ್ತು ಎಣಿಕೆ. ಇ-ಬರ್ಡ್ ಎಂಬ ಉಚಿತ ಜಾಲತಾಣದಲ್ಲಿ ಯಾರು ಬೇಕಾದರೂ ಇದನ್ನು ದಾಖಲಿಸಬಹುದು.

ವೀಕ್ಷಣೆಗೆ ಹೊರಡುವ ಕುಟುಂಬಗಳು ಮೊದಲು ಭರತದ ವೇಳೆಯನ್ನು ನೋಡಿಕೊಳ್ಳಬೇಕು. ನೀರು ಏರುತ್ತಿರುವಾಗ, ಪೂರ್ಣ ಭರತಕ್ಕೆ ಎರಡು ಮೂರು ಗಂಟೆ ಮುಂಚೆ, ಹಕ್ಕಿಗಳು ದಡಕ್ಕೆ ಸಮೀಪವಾಗುತ್ತವೆ. ಸಾಧಾರಣ ದುರ್ಬೀನು, ಕೊಡೆ, ಜಾರದ ಪಾದರಕ್ಷೆ ಸಾಕು. ಕೆಸರಿಗೆ ಇಳಿಯಬಾರದು. ಚಿತ್ರ ತೆಗೆಯುವ ಆಸೆಯಿಂದ ವಿಶ್ರಮಿಸುವ ಗುಂಪನ್ನು ಹಾರಿಸಬಾರದು. ದೂರದಿಂದ ಬಂದ ಹಕ್ಕಿಗೆ ಪ್ರತಿಯೊಂದು ಅನಗತ್ಯ ಹಾರಾಟವೂ ನಷ್ಟವೇ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡನಾಡಿನ ಹಕ್ಕಿಗಳು’ ಮನೆಯಲ್ಲಿದ್ದರೆ ಮಕ್ಕಳಿಗೆ ಕನ್ನಡದ ಹೆಸರುಗಳನ್ನೂ ಕಲಿಸಬಹುದು.

ಊರಿಗೆ ಹೋದಾಗಲೂ ಈ ಅಭ್ಯಾಸ ಮುಂದುವರಿಯಲಿ. ಕುಮಟಾ ಸಮೀಪದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ಠಾಣೆಯ ಖಾಡಿಯಲ್ಲಿ ಕಂಡ ಗದ್ದೆಗೊರವವನ್ನು, ಮರಳು ಪ್ಲೋವರನ್ನು ಅಲ್ಲಿಯೂ ಹುಡುಕಬಹುದು. ಪ್ರತಿವರ್ಷ ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನ. ಆ ದಿನಕ್ಕಾಗಿ ಕಾಯದೆ, ಮಳೆ ಬಿಡುವು ಕೊಟ್ಟ ಮೊದಲ ಭಾನುವಾರವೇ ಹೊರಟರೆ ಅತಿಥಿಗಳನ್ನು ಸಕಾಲದಲ್ಲಿ ಎದುರುಗೊಂಡಂತಾದೀತು.